ಹಳೇ ಪಿಕಪ್‌ನ ಡೀಸೆಲ್ ಫಿಲ್ಟರ್ ಬಿಚ್ಚಲು ಬರ್ತಿಲ್ವಾ?

ಮೊದಲು ಒಂದು ಮಾತು. ಇದು ಹಳೇ ಕಾಲದ ಡೀಸೆಲ್ ಪಿಕಪ್‌ಗಳಿಗೆ, ಅಂದರೆ ಮೆಕ್ಯಾನಿಕಲ್ ಪಂಪ್ ಇರುವ ಹಳೇ ಬೊಲೆರೊ, ಟಾಟಾ 207 ತರಹದ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ ಎಂಜಿನ್ (ಭಾರೀ ಪ್ರೆಶರ್‌ನಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಕಾಲದ್ದು) ಇದ್ದರೆ ಏರ್, ಅಂದರೆ ಡೀಸೆಲ್ ಪೈಪ್‌ಗೆ ಸೇರಿಕೊಂಡ ಗಾಳಿ ತೆಗೆಯುವ ಭಾಗವನ್ನು ದಯವಿಟ್ಟು ಅನುಸರಿಸಬೇಡಿ, ಅಲ್ಲಿನ ಪ್ರೆಶರ್‌ನ ಲೆಕ್ಕವೇ ಬೇರೆ.

ಫಿಲ್ಟರ್ ಬದಲಿಸುವುದು ಅರ್ಧ ಗಂಟೆ ಕೆಲಸ. ಫಿಲ್ಟರ್ ಡಬ್ಬಿ ಕಚ್ಚಿಕೊಂಡಿದ್ದರೆ ಮಾತ್ರ ಅರ್ಧ ದಿನ. ಹೀಗೆ ಕಚ್ಚಿಕೊಳ್ಳಲು ಮುಖ್ಯ ಕಾರಣ ತುಕ್ಕಲ್ಲ. ಹಿಂದಿನ ಸಲ ಹಾಕಿದವರು ರಬ್ಬರ್ ರಿಂಗ್‌ಗೆ ಒಂದು ಹನಿ ಡೀಸೆಲ್ ಸವರದೆ, ಕೈಯಲ್ಲಿ ಬಿಗಿ ಮಾಡಿದ್ದು ಸಾಲದು ಅಂತ ರಿಂಚ್ ಹಾಕಿ ಎಳೆದಿರುತ್ತಾರೆ, ಅಷ್ಟೇ. ನನ್ನ ಗಾಡಿಗೆ ಹಾಗೆ ಬಿಗಿದವನು ನಾನೇ, ಆದ್ದರಿಂದ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಬೇಕಾದ ಸಾಮಾನು: ಹೊಸ ಫಿಲ್ಟರ್, ಚೈನ್ ರಿಂಚ್, ಪಾನಾ ಸೆಟ್, ಹಳೇ ಸೈಕಲ್ ಟ್ಯೂಬ್ ಒಂದು ತುಂಡು, ಬನಿಯನ್ ವೇಸ್ಟ್, ಕೆಳಗಿಡಲು ಒಂದು ಟ್ರೇ. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಎಂಜಿನ್ ಪೂರ್ತಿ ಆರಿರಲಿ. ಡೀಸೆಲ್ ಸುಲಭಕ್ಕೆ ಹೊತ್ತಿಕೊಳ್ಳಲ್ಲ ಅಂತ ಬೀಡಿ ಹಚ್ಚಿಕೊಂಡು ಕೆಲಸ ಮಾಡುವವರನ್ನು ನೋಡಿದ್ದೇನೆ. ನಮ್ಮಲ್ಲಿ ಡೀಸೆಲ್‌ನ ಫ್ಲಾಶ್ ಪಾಯಿಂಟ್, ಅಂದರೆ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಬಿಸಿ, ಕನಿಷ್ಠ 35 ಡಿಗ್ರಿ ಇರಬೇಕು ಅಂತ ನಿಯಮ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ನೆರಳಲ್ಲೇ 40 ದಾಟುತ್ತದೆ, ಲೆಕ್ಕ ನೀವೇ ಹಾಕಿ. ಡಬ್ಬಿ ಸಡಿಲ ಆಗಲಿ ಅಂತ ಬ್ಲೋ ಲ್ಯಾಂಪ್ ಹಿಡಿಯುವ ಯೋಚನೆಯಂತೂ ಬೇಡವೇ ಬೇಡ.

ಈಗ ದಿಕ್ಕಿನ ವಿಷಯ. ಜಾಸ್ತಿ ಜನ ಸೋಲುವುದು ಇಲ್ಲೇ. ಡಬ್ಬಿ ಹೆಡ್‌ನಿಂದ (ಫಿಲ್ಟರ್ ತಿರುಚಿ ಕೂರುವ ಮೇಲಿನ ಲೋಹದ ಭಾಗ) ಕೆಳಕ್ಕೆ ನೇತಾಡುತ್ತಿರುತ್ತದೆ, ನಾವು ಬಾನೆಟ್ ಎತ್ತಿ ಮೇಲಿನಿಂದ ಬಗ್ಗಿ ನೋಡುತ್ತೇವೆ. ಕೆಳಗಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಬೇಕು, ಅಂದರೆ ಮೇಲಿನಿಂದ ನೋಡುವವರಿಗೆ ಅದು ಮುಳ್ಳು ತಿರುಗುವ ದಿಕ್ಕೇ ಆಗುತ್ತದೆ. ಇದು ತಲೆಗೆ ಹೋಗದೆ ಹತ್ತು ನಿಮಿಷ ಶಕ್ತಿ ಹಾಕಿ ಎಳೆದವರು ಡಬ್ಬಿಯನ್ನು ಇನ್ನಷ್ಟು ಬಿಗಿ ಮಾಡಿರುತ್ತಾರೆ. ಅನುಮಾನ ಇದ್ದರೆ ಹೊಸ ಫಿಲ್ಟರನ್ನು ಕೈಯಲ್ಲಿ ಅದೇ ಭಂಗಿಯಲ್ಲಿ ಹಿಡಿದು ತಿರುಗಿಸಿ ನೋಡಿ, ನಂತರ ಡಬ್ಬಿಯ ಮೇಲೆ ಚಾಕ್‌ಪೀಸ್‌ನಲ್ಲಿ ಬಾಣದ ಗುರುತು ಹಾಕಿ. ನಗಬೇಡಿ, ನಾನು ಈಗಲೂ ಹಾಕುತ್ತೇನೆ.

ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಡೀಸೆಲ್ ಟ್ರೇಗೆ ಬಿಡಿ. ಡಬ್ಬಿಯ ಮೈಯಲ್ಲಿರುವ ಎಣ್ಣೆ, ಧೂಳು ಚೆನ್ನಾಗಿ ಒರೆಸಿ, ಸೈಕಲ್ ಟ್ಯೂಬ್ ಸುತ್ತಿ, ಅದರ ಮೇಲೆ ಚೈನ್ ರಿಂಚ್ ಹಾಕಿ. ರಿಂಚ್ ಆದಷ್ಟು ಮೇಲೆ, ಹೆಡ್‌ಗೆ ಹತ್ತಿರ ಕೂರಬೇಕು. ಅಲ್ಲಿ ತಗಡು ಗಟ್ಟಿ, ನಡುವೆ ಹಿಡಿದರೆ ಡಬ್ಬಿ ನುಜ್ಜಾಗುತ್ತದೆ. ಒಂದೇ ಸಲ ಜೋರಾಗಿ ಜಗ್ಗಬೇಡಿ, ಮೆಲ್ಲಗೆ ಭಾರ ಹಾಕುತ್ತಾ ಹೋಗಿ.

ಬರಲಿಲ್ಲವೇ? ಹಾಗಾದರೆ ಅಲ್ಲಿಗೆ ನಿಲ್ಲಿಸಿ. ಹೆಡ್ ಕೂತಿರುವ ಬ್ರಾಕೆಟ್ ನೀವು ಎಳೆದಂತೆಲ್ಲಾ ಬಾಗುತ್ತಿರುತ್ತದೆ, ಅರ್ಧ ಶಕ್ತಿ ಅದಕ್ಕೇ ಹೋಗುತ್ತದೆ. ಇನ್ನೂ ಎಳೆದರೆ ಬ್ರಾಕೆಟ್ ಬೋಲ್ಟ್ ತುಂಡಾಗುತ್ತದೆ, ಆಮೇಲೆ ಡ್ರಿಲ್ಲಿಂಗ್, ಟ್ಯಾಪಿಂಗ್ ಅಂತ ಬೇರೆಯೇ ಕಥೆ. ನಾನಾದರೆ ಈ ಹಂತದಲ್ಲಿ ಪೈಪ್‌ಗಳನ್ನು ಬಿಚ್ಚಿ, ಬ್ರಾಕೆಟ್‌ನ ಬೋಲ್ಟ್ ತೆಗೆದು, ಹೆಡ್ ಸಮೇತ ಫಿಲ್ಟರನ್ನು ಹೊರಗೆ ತಂದು ವೈಸ್‌ಗೆ ಹಾಕುತ್ತೇನೆ. ದವಡೆಗೆ ಮರದ ತುಂಡು ಕೊಟ್ಟು ಹೆಡ್ ಹಿಡಿಸಿದರೆ, ಒಂದು ಗಂಟೆ ಕಾಡಿದ ಡಬ್ಬಿ ಒಂದೇ ಎಳೆತಕ್ಕೆ ಬರುತ್ತದೆ. ಕೆಲಸ ಹೆಚ್ಚಾಯಿತು ಅನಿಸಬಹುದು. ಆದರೆ ಇದೇ ಹತ್ತಿರದ ದಾರಿ. ಬಿಚ್ಚಿದ ಪೈಪ್‌ಗಳ ತಾಮ್ರದ ವಾಷರ್ ಮಾತ್ರ ಹೊಸದು ಹಾಕಿ, ಹಳೆಯದನ್ನೇ ಹಾಕಿದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ಡಬ್ಬಿಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುವ ವಿದ್ಯೆ ಎಲ್ಲರಿಗೂ ಗೊತ್ತು. ನನಗೆ ಅದು ಇಷ್ಟವಿಲ್ಲ, ತಗಡು ಹರಿದು ಬಂದು ಮೇಲಿನ ತಟ್ಟೆ ಮಾತ್ರ ಹೆಡ್‌ನಲ್ಲೇ ಉಳಿಯುವುದು ಹೀಗೆಯೇ. ನನ್ನ ಗಾಡಿಯಲ್ಲೂ ಅದೇ ಆಗಿದ್ದು, ಅದೂ ಭಾನುವಾರ ಸಂಜೆ, ಬೆಳಗ್ಗೆ ನಾಲ್ಕಕ್ಕೆ ಟೊಮೇಟೊ ಲೋಡ್ ಇತ್ತು. ಹಾಗಾದರೆ ಗಾಬರಿ ಬೇಡ. ಉಳಿದ ತಟ್ಟೆಯ ಅಂಚಿಗೆ ಮೊಂಡು ಚಾಣ ಇಟ್ಟು, ಬಿಚ್ಚುವ ದಿಕ್ಕಿಗೆ ಓರೆಯಾಗಿ ಸಣ್ಣ ಸಣ್ಣ ಏಟು ಕೊಡುತ್ತಾ ಸುತ್ತ ಬನ್ನಿ. ಚಾಣ ಹೆಡ್‌ಗೆ ತಾಗಬಾರದು. ರಿಂಗ್ ಕೂರುವ ಜಾಗಕ್ಕೆ ಒಂದು ಗೀರು ಬಿದ್ದರೂ ಆ ಹೆಡ್ ಕೆಲಸಕ್ಕೆ ಬರಲ್ಲ.

ಬಂತು ಅಂದ ಕೂಡಲೇ ಹೊಸದನ್ನು ಏರಿಸಬೇಡಿ. ಹಳೇ ರಬ್ಬರ್ ರಿಂಗ್ ಡಬ್ಬಿಯ ಜೊತೆ ಬಂತಾ ನೋಡಿ. ಎಷ್ಟೋ ಸಲ ಹೆಡ್‌ಗೇ ಅಂಟಿಕೊಂಡಿರುತ್ತದೆ, ಅದರ ಮೇಲೆ ಇನ್ನೊಂದು ಕೂತರೆ ಸೋರುವುದು ಗ್ಯಾರಂಟಿ. ಹೊಸ ರಿಂಗ್‌ಗೆ ಡೀಸೆಲ್ ಸವರಿ, ರಿಂಗ್ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತು. ಕೈಯಲ್ಲೇ. ರಿಂಚನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿಬಿಡಿ. ಇನ್ನೊಂದು, ಹೊಸ ಡಬ್ಬಿಗೆ ಮೊದಲೇ ಡೀಸೆಲ್ ತುಂಬುವ ಅಭ್ಯಾಸ ಇದ್ದರೆ ನಡುವಿನ ದೊಡ್ಡ ತೂತಿಗೆ ಸುರಿಯಬೇಡಿ. ಸಾಮಾನ್ಯವಾಗಿ ಅದು ಸೋಸಿದ ಡೀಸೆಲ್ ಹೊರಬರುವ ದಾರಿ, ನೀವು ಸುರಿದ ಕಸ ನೇರವಾಗಿ ಪಂಪ್‌ಗೆ ಹೋಗುತ್ತದೆ. ಖಾಲಿಯೇ ಹಾಕಿ, ಹ್ಯಾಂಡ್ ಪಂಪ್ ಇರುವುದೇ ಅದಕ್ಕೆ.

ಈಗ ಏರ್ ತೆಗೆಯಬೇಕು. ಹ್ಯಾಂಡ್ ಪಂಪ್ ಕೆಲವು ಗಾಡಿಗಳಲ್ಲಿ ಫಿಲ್ಟರ್ ಹೆಡ್ ಮೇಲೆ, ಕೆಲವದರಲ್ಲಿ ಇಂಜೆಕ್ಷನ್ ಪಂಪ್ (ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಪಕ್ಕದಲ್ಲಿ ಇರುತ್ತದೆ. ನಮ್ಮ ಕಡೆ ಇಂಜೆಕ್ಷನ್ ಪಂಪ್‌ಗೆ ಇವತ್ತಿಗೂ ಮೈಕೋ ಪಂಪ್ ಅಂತಲೇ ಹೆಸರು, ಬೆಂಗಳೂರಿನ ಆಡುಗೋಡಿಯ ಆ ಮೈಕೋ ಕಂಪನಿ 2008ರಲ್ಲೇ ಬಾಷ್ ಲಿಮಿಟೆಡ್ ಆದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಬದಲಾಗಲಿಲ್ಲ. ಹೆಡ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ ಪಂಪ್ ಹೊಡೆಯಿರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್ ಬರುತ್ತದೆ. ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ, ನಿಂತ ಮೇಲಲ್ಲ. ಇಂಜೆಕ್ಷನ್ ಪಂಪ್ ಮೇಲಿನ ಬ್ಲೀಡ್ ಸ್ಕ್ರೂನಲ್ಲೂ ಇದನ್ನೇ ಮಾಡಿ. ತಿರುಗಿಸಿ ಎತ್ತುವ ಗುಂಡಿಯ ಪಂಪ್ ಆದರೆ ಕೊನೆಗೆ ಗುಂಡಿಯನ್ನು ವಾಪಸ್ ತಿರುಗಿಸಿ ಕೂರಿಸಲು ಮರೆಯಬೇಡಿ.

ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು, ಇಲ್ಲದಿದ್ದರೆ ಸ್ಟಾರ್ಟರ್ ಮೋಟಾರ್ ಸುಡುತ್ತದೆ. ಆದರೂ ಹಿಡಿಯದಿದ್ದರೆ ಒಂದೆರಡು ಇಂಜೆಕ್ಟರ್ ಪೈಪ್‌ಗಳ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಸಿ, ಡೀಸೆಲ್ ಒಸರಿದ ಮೇಲೆ ಬಿಗಿ ಮಾಡಿ. ಕೈ, ಮುಖ ದೂರ ಇರಲಿ. ಆ ಪ್ರೆಶರ್‌ಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು, ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಎಂಜಿನ್ ಹತ್ತು ನಿಮಿಷ ಓಡಲಿ, ರಿಂಗ್ ಸುತ್ತ ಒಣ ಬಟ್ಟೆ ಆಡಿಸಿ ಒದ್ದೆ ಇದೆಯಾ ನೋಡಿ. ಅಷ್ಟರಲ್ಲಿ ಹಳೇ ಡಬ್ಬಿಯ ಡೀಸೆಲನ್ನು ಒಂದು ಗಾಜಿನ ಬಾಟಲಿಗೆ ಸುರಿದಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಒಂದೆರಡು ಹನಿ ಆದರೆ ಚಿಂತೆಯಿಲ್ಲ, ಬೆರಳು ದಪ್ಪ ನಿಂತಿದ್ದರೆ ಹೊಸ ಫಿಲ್ಟರ್ ಹಾಳಾಗುವ ಮೊದಲು ಟ್ಯಾಂಕ್ ಬಿಚ್ಚಿ ತೊಳೆಸಿ.