ಹಿಪ್ಪಲಿ ಮೇಲೆ ಕಾಳುಮೆಣಸು: ಅಕ್ಕನ ಮನೆ ಮಳೆಯಲ್ಲಿ ಕಟ್ಟಿದ ಕಸಿ

ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕಡ್ಡಿ ಕಟ್ಟುವ ಹಿಪ್ಪಲಿ ಕಸಿ ಯಾರಿಗೂ ಹೊಸದಲ್ಲ. ಸೊರಗು ರೋಗ ತಡೆಯುತ್ತದೆ, ಜೌಗಿನಲ್ಲೂ ಬೇರು ಕೊಳೆಯುವುದಿಲ್ಲ ಅಂತ ಎಲ್ಲರೂ ಕೇಳಿದ್ದೇವೆ. ಆದರೂ ನಮ್ಮ ಕಡೆ ಮಾಡಿ ನೋಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕೈಬಿಟ್ಟಿದ್ದಾರೆ. ನಾನೂ ಬಿಡುವುದರಲ್ಲಿದ್ದೆ. ಈಗ ಅಕ್ಕನ ಮನೆ ತೋಟದಲ್ಲಿ ಬಳ್ಳಿ ಅಡಿಕೆ ಮರದ ಅರ್ಧ ದಾಟಿದೆ. ಎರಡು ಕೊಯ್ಲೂ ಆಗಿದೆ. ‘ಅದೆಲ್ಲ ಆಗೋದಲ್ಲ’ ಅಂದವರೇ ಕಡ್ಡಿ ಕೇಳಲು ಬರುತ್ತಿದ್ದಾರೆ.

ಅಕ್ಕನನ್ನು ಕೊಟ್ಟಿದ್ದು ಹೊಸನಗರ ತಾಲ್ಲೂಕಿನಲ್ಲಿ, ನಗರ ಅನ್ನುವ ಊರಿನ ಕಡೆ. ಅಲ್ಲಿನ ಮಳೆ ಗೊತ್ತಲ್ಲ. ತೋಟದ ಕೆಳಗಿನ ಭಾಗ ಗದ್ದೆಗೆ ಅಂಟಿಕೊಂಡಿದೆ. ಪುನರ್ವಸು ಮಳೆ ಹಿಡಿದರೆ ಬಸಿಗಾಲುವೆಯಲ್ಲಿ ನೀರು ಇಳಿಯುವುದೇ ಇಲ್ಲ. ಬಾವ ಹಾಕಿದ್ದ ಪಣಿಯೂರು ತಳಿಯ ಮೆಣಸಿನ ಬಳ್ಳಿಗಳೆಲ್ಲ ಒಂದೇ ಮಳೆಗಾಲದಲ್ಲಿ ಗಿಣ್ಣು ಕಳಚಿ ಬಿದ್ದವು. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದಿದ್ದರು, ಬುಡಕ್ಕೆ ಸಿಓಸಿ (ತಾಮ್ರದ ಶಿಲೀಂಧ್ರನಾಶಕ) ಸುರಿದಿದ್ದರು, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಕಲಸಿದ ಗೊಬ್ಬರವನ್ನೂ ಹಾಕಿದ್ದರು. ನೀರು ನಿಲ್ಲುವ ಜಾಗದಲ್ಲಿ ಅದೆಲ್ಲ ಎಷ್ಟು ದಿನ?

ಮೊದಲು ನಾನು ಒಂದು ನರ್ಸರಿಯಿಂದ ಕಸಿ ಗಿಡ ತಂದುಕೊಟ್ಟೆ. ಗಿಡಕ್ಕೆ 50 ರೂಪಾಯಿ, ನೂರೈವತ್ತರ ಹತ್ತಿರ ಗಿಡ. ಗಾಡಿ ಬಾಡಿಗೆ, ಗುಂಡಿ ಕೂಲಿ ಸೇರಿ 12 ಸಾವಿರ ದಾಟಿತು. ಗಿಡಗಳ ಕಸಿ ಗಂಟು ನೆಲದಿಂದ ಒಂದು ಗೇಣೂ ಮೇಲಿರಲಿಲ್ಲ. ನೆಟ್ಟು ಮಣ್ಣು ಏರಿಸಿದ ಮೇಲೆ ಮೆಣಸಿನ ಗಿಣ್ಣೇ ಮಣ್ಣಿಗೆ ತಾಗಿ ಬೇರು ಬಿಟ್ಟಿತು. ಮತ್ತೆ ಅದೇ ರೋಗ. ಉಳಿದವನ್ನು ಏಪ್ರಿಲ್ ಬಿಸಿಲು ಮುಗಿಸಿತು. ಹಿಪ್ಪಲಿ ಜೌಗು ತಡೆಯುತ್ತದೆ, ಒಣ ನೆಲ ತಡೆಯುವುದಿಲ್ಲ.

ಮುಂದಿನ ವರ್ಷ ನಮ್ಮ ಮನೆಯಲ್ಲೇ ಪ್ಲಾಸ್ಟಿಕ್ ಗೂಡು ಕಟ್ಟಿ ಕಸಿ ಮಾಡಿದೆ. ಚಿಗುರಿದ್ದೇನೋ ಚೆನ್ನಾಗಿಯೇ. ಜೀಪಿನಲ್ಲಿ ಹಾಕಿಕೊಂಡು ಆ ರಸ್ತೆಯಲ್ಲಿ ಹೋಗುವಷ್ಟರಲ್ಲಿ ಕಾಲುಭಾಗ ಗಂಟಿನಲ್ಲೇ ಮುರಿದಿತ್ತು. ಬಾವ ನೋಡಿ ನಕ್ಕರು. "ನಿಂಗೆ ದುಡ್ಡು ಜಾಸ್ತಿ ಆಗಿದೆ ಮಾರಾಯ" ಅಂದರು.

ಆಗ ಹೊಳೆದಿದ್ದು, ಗಿಡ ಸಾಗಿಸುವ ಗೊಡವೆಯೇ ಬೇಡ, ಹಿಪ್ಪಲಿಯನ್ನು ಅಡಿಕೆ ಬುಡದಲ್ಲಿ ಮೊದಲೇ ನೆಟ್ಟು ಅಲ್ಲೇ ಕಸಿ ಕಟ್ಟೋಣ ಅಂತ. ಹಿಪ್ಪಲಿ ತುಂಡು ಊರಿದರೆ ಸಾಕು, ಬದುಕುತ್ತದೆ. ಖರ್ಚು ಇಲ್ಲವೇ ಇಲ್ಲ. ಜೂನಿನಲ್ಲಿ ಊರಿದೆವು. ಬೇಸಿಗೆಯಲ್ಲಿ ಅಕ್ಕ ಬಚ್ಚಲ ನೀರು ತಿರುಗಿಸಿದಳು, ದೂರದ ಬುಡಗಳಿಗೆ ಕೊಡದಲ್ಲಿ ಹೊತ್ತಳು. ಮುಂದಿನ ಮಳೆಗಾಲಕ್ಕೆ ಎದೆಮಟ್ಟ ಬಂದು ಪೆನ್ಸಿಲ್ ದಪ್ಪ ಆಗಿದ್ದವು.

ಜುಲೈನಲ್ಲಿ ಒಂದು ದಿನಕ್ಕೆಂದು ಹೋದವನು ಮಳೆಗೆ ಸಿಕ್ಕಿಬಿದ್ದೆ. ಹಳ್ಳ ರಸ್ತೆ ಮೇಲೆ ಬಂದಿತ್ತು, ಬಸ್ಸಿಲ್ಲ, ಕರೆಂಟಿಲ್ಲ, ಮಕ್ಕಳಿಗೆ ಶಾಲೆ ರಜೆ. ಹಲಸಿನ ಹಪ್ಪಳ ತಿಂದು ಸುಮ್ನೆ ಕೂರುವ ಬದಲು ಕಸಿ ಕಟ್ಟೋಣ ಅಂದೆ. "ಈ ಮಳೇಲಿ ಕಟ್ಟಿದ್ರೆ ಕೊಳೀತದೆ" ಅಂದರು ಬಾವ. ಅಕ್ಕನ ಅತ್ತೆಯೂ ಅದನ್ನೇ ಅಂದರು. ನನ್ನ ಲೆಕ್ಕ ಬೇರೆ ಇತ್ತು. ಕಡ್ಡಿ ಸಾಯುವುದು ಒಣಗಿ. ಬಿಸಿಲು ಬಂದರೆ ಕಸಿಗೆ ಹೊದಿಸುವ ಪ್ಲಾಸ್ಟಿಕ್ ಕವರಿನ ಒಳಗೆ ಬೆಂದುಹೋಗುತ್ತದೆ. ಮೋಡ ಬಿಡದ ದಿನಕ್ಕಿಂತ ಒಳ್ಳೆಯ ದಿನ ಯಾವುದು? ಕಡ್ಡಿ ಕೂರಿಸುವ ಸೀಳಿನೊಳಗೆ ನೀರು ಇಳಿಯದಿದ್ದರೆ ಆಯಿತು.

ನಮ್ಮ ಮನೆಯಿಂದ ಕರಿಮುಂಡ ತಳಿಯ ಮೆಣಸಿನ ಹಬ್ಬುಬಳ್ಳಿ (ಬುಡದಿಂದ ನೆಲದ ಮೇಲೆ ಹರಿಯುವ ಬಳ್ಳಿ) ಬಾಳೆಲೆಯಲ್ಲಿ ಸುತ್ತಿ ತಂದಿದ್ದೆ. ಎರಡು ಮೂರು ಗಿಣ್ಣಿನ ತುಂಡು, ಎಲೆ ಸವರಿ, ಬುಡ ಬೆಣೆಯ ಹಾಗೆ ಕೆತ್ತುವುದು. ಹಿಪ್ಪಲಿಯನ್ನು ಮಂಡಿಗಿಂತ ಮೇಲೆ ಕತ್ತರಿಸಿ ಸೀಳುವುದು. ಎತ್ತರ ಮುಖ್ಯ, ಇಲ್ಲದಿದ್ದರೆ ನರ್ಸರಿ ಗಿಡದ ಕಥೆಯೇ. ಅಕ್ಕನ ಮಗ ಕೊಡೆ ಹಿಡಿದ, ಬಾವ ಪಟ್ಟಿ ಸುತ್ತಿದರು, ಮೇಲೆ ಐಸ್‌ಕ್ಯಾಂಡಿ ಕವರ್ ಮಗುಚಿ ಕಟ್ಟಿದೆವು. ಕತ್ತಿ ತಾಗಿದಾಗಿನಿಂದ ಪಟ್ಟಿ ಬಿಗಿಯುವವರೆಗೆ ತಡ ಮಾಡಬಾರದು. ಸೀಳಿಗೆ ಕಡ್ಡಿ ಇಡುವ ಮೊದಲು ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ. ಅದೊಂದು, ಮತ್ತೆ ಕಾಲಿಗೆ ಹತ್ತಿದ ಇಂಬಳಕ್ಕೆ (ಜಿಗಣೆಗೆ) ಹಚ್ಚುವ ಸುಣ್ಣ ಬಿಟ್ಟರೆ ಬೇರೆ ಗುಟ್ಟಿಲ್ಲ.

ಸಂಜೆಗೆ ಅರವತ್ತರ ಹತ್ತಿರ ಕಟ್ಟಿದ್ದೆವು. ತಿಂಗಳೊಳಗೆ ನಲವತ್ತಕ್ಕೂ ಜಾಸ್ತಿ ಚಿಗುರಿದವು. ಹೋದವು ಹೆಚ್ಚಾಗಿ ಊಟದ ನಂತರ ಕಟ್ಟಿದವು. ಅವುಗಳ ಕಡ್ಡಿ ಬೆಳಿಗ್ಗೆಯಿಂದ ಬಕೆಟ್ ನೀರಿನಲ್ಲಿ ಬಿದ್ದಿತ್ತು. ಕಡ್ಡಿ ತೇವದಲ್ಲಿರಬೇಕು, ನೀರಿನಲ್ಲಲ್ಲ. ಅಷ್ಟೂ ಕಸಿಗೆ ಕವರು, ಪಟ್ಟಿ, ಬ್ಲೇಡು ಎಲ್ಲ ಸೇರಿ ಖರ್ಚು 200 ರೂಪಾಯಿ ಒಳಗೆ. ಚಿಗುರು ಎಲೆ ಬಿಡಿಸಿದ ಮೇಲೆ ಕವರ್ ತೆಗೆಯುವುದು, ಹಿಪ್ಪಲಿಯ ಸ್ವಂತ ಚಿಗುರನ್ನು ಆಗಾಗ ಮುರಿಯುವುದು. ಈ ಎರಡನೆಯದರಲ್ಲೇ ತುಂಬಾ ಜನ ಸೋಲುತ್ತಾರೆ. ಒಂದು ತಿಂಗಳು ನೋಡದಿದ್ದರೆ ಹಿಪ್ಪಲಿ ಮೆಣಸನ್ನು ಮುಚ್ಚಿಹಾಕುತ್ತದೆ.

ನಡುವೆ ಬೇರೆ ಆಟಗಳೂ ಆದವು. ಕಾಡುಮೆಣಸಿನ ಬುಡಕ್ಕೆ ಕಟ್ಟಿ ನೋಡಿದೆ. ರಭಸದಿಂದ ಹತ್ತಿತು, ಎರಡನೇ ಮಳೆಗೆ ಕೊಳೆಯಿತು. ಅಡ್ಡರೆಂಬೆಯ ಕಡ್ಡಿಯನ್ನು ಪೇಂಟ್ ಬಕೆಟ್ಟಿನ ಹಿಪ್ಪಲಿಗೆ ಕಟ್ಟಿದ್ದು ಪೊದೆಮೆಣಸಾಗಿ ಅಂಗಳದ ಮೂಲೆಯಲ್ಲಿದೆ. ಅಕ್ಕ ಅದರ ಹಸಿ ಕರೆಯಲ್ಲೇ (ಮೆಣಸಿನ ಗೊನೆಯಲ್ಲೇ) ಉಪ್ಪಿನಕಾಯಿ ಹಾಕುತ್ತಾಳೆ. ತೋಟದ ಬಳ್ಳಿಗಿಂತ ಅವಳಿಗೆ ಇದರದೇ ಜಂಬ.

ಹೋದ ಕೊಯ್ಲಿನಲ್ಲಿ ಒಳ್ಳೆಯ ಬಳ್ಳಿಗಳು ಒಂದೂವರೆ ಕಿಲೋ ಒಣಮೆಣಸು ಕೊಟ್ಟವು, ಸಾಧಾರಣದವು ಮುಕ್ಕಾಲು. ಕಿಲೋಗೆ 600 ರೂಪಾಯಿ ಆಸುಪಾಸು ಸಿಕ್ಕಿತು. ನಾನು ಮೊದಲ ವರ್ಷ ಕಳೆದ ದುಡ್ಡಿನ ಎರಡರಷ್ಟು ಬಾವನಿಗೆ ಒಂದೇ ಕೊಯ್ಲಿನಲ್ಲಿ ಬಂತು. ನನಗೆ ಸಿಕ್ಕಿದ್ದು ಒಂದು ಡಬ್ಬಿ ಜೋನಿಬೆಲ್ಲ!

ಒಂದು ತಲೆನೋವು ಉಳಿದಿದೆ. ಮೆಣಸಿನ ಕಾಂಡ ದಪ್ಪವಾಗುತ್ತದೆ, ಕೆಳಗಿನ ಹಿಪ್ಪಲಿ ಅಷ್ಟು ದಪ್ಪವಾಗುವುದಿಲ್ಲ. ಗಂಟು ಉಬ್ಬಿ ಐದಾರು ವರ್ಷಕ್ಕೆ ಬಳ್ಳಿ ಒಣಗಿದ್ದನ್ನು ಬೇರೆ ತೋಟಗಳಲ್ಲಿ ನೋಡಿದ್ದೇನೆ. ಅದಕ್ಕೇ ಕೆಲವು ಬಳ್ಳಿಗಳ ಪಕ್ಕ ಇನ್ನೊಂದು ಹಿಪ್ಪಲಿ ನೆಟ್ಟು, ಎರಡರ ತೊಗಟೆಯನ್ನೂ ಕೆರೆದು, ಗಂಟಿನ ಮೇಲ್ಭಾಗಕ್ಕೆ ಅದನ್ನು ಒತ್ತಿ ಕಟ್ಟುವ ಒತ್ತುಕಸಿ ಮಾಡಿದ್ದೇನೆ. ಹಿಡಿದಿರುವುದು ಸದ್ಯಕ್ಕೆ ಎಂಟು ಹತ್ತು. ಉಳಿದ ಬಳ್ಳಿಗಳಿಗೆ ಈ ಸಲದ ಪುಷ್ಯ ಮಳೆಯಲ್ಲಿ ಕಟ್ಟಬೇಕು. ಹಿಪ್ಪಲಿ ಊರಿ ಇಡುತ್ತೇನೆ ಅಂತ ಬಾವನೇ ಫೋನ್ ಮಾಡಿದ್ದಾರೆ.