ಬೆಟ್ಟದ ರನ್‌ವೇಯಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಯುವುದು ಹೇಗೆ?

ಲೈಸೆನ್ಸ್ ಕೈಗೆ ಬಂದಿದೆ, ಬಯಲಿನ ರನ್‌ವೇಗಳಲ್ಲಿ ಕೈ ಪಳಗಿದೆ. ಇನ್ನು ಬೆಟ್ಟದ ಕಡೆ ಹೋಗೋಣ ಅನ್ನಿಸುತ್ತದೆ, ಅಲ್ವಾ? ಖಂಡಿತ ಹೋಗಿ. ಆದರೆ ಶುರುವಿನಲ್ಲಿ ಒಬ್ಬರೇ ಬೇಡ. ಆ ಕಣಿವೆಗಳನ್ನು ಚೆನ್ನಾಗಿ ಬಲ್ಲ ತರಬೇತುದಾರರ ಜೊತೆ ಹಾರಿ.

ಮೊದಲ ಪಾಠ ನೆಲದ ಮೇಲೆ, ಪೆನ್ನು ಹಿಡಿದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬಿಸಿಲೇರಿದರೆ ಇನ್ನೂ ತೆಳು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಿಗುವ ಎತ್ತರವೇ ಡೆನ್ಸಿಟಿ ಆಲ್ಟಿಟ್ಯೂಡ್. ಅಮೆರಿಕದ ಕೊಲರಾಡೊದಲ್ಲಿರುವ ಲೆಡ್‌ವಿಲ್ ವಿಮಾನ ನಿಲ್ದಾಣ 9,934 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದ 15 ಡಿಗ್ರಿಯಿಂದ ಪ್ರತಿ ಸಾವಿರ ಅಡಿಗೆ 2 ಡಿಗ್ರಿ ಕಳೆದರೆ ಅಲ್ಲಿ ಇರಬೇಕಾದದ್ದು ಸುಮಾರು ಮೈನಸ್ 5 ಡಿಗ್ರಿ. ಆ ದಿನ 20 ಡಿಗ್ರಿ ಇದ್ದರೆ 25 ಡಿಗ್ರಿ ಜಾಸ್ತಿಯಾಯಿತು. ಒಂದೊಂದು ಡಿಗ್ರಿಗೆ 120 ಅಡಿಯಂತೆ 3,000 ಅಡಿ ಸೇರಿಸಿ. ನಿಂತಿರುವುದು ರನ್‌ವೇ ಮೇಲೇ ಆದರೂ ವಿಮಾನದ ಪಾಲಿಗೆ ಅದು ಸುಮಾರು 12,900 ಅಡಿ! ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಶಕ್ತಿ ಕಳೆದುಕೊಂಡಿರುತ್ತದೆ. ರೆಕ್ಕೆ, ಪ್ರೊಪೆಲರ್ ಎರಡಕ್ಕೂ ಹಿಡಿತ ಕಡಿಮೆ.

ಹಾಗಾಗಿ ವಿಮಾನದ ಕೈಪಿಡಿಯ ಟೇಕಾಫ್ ಕೋಷ್ಟಕವನ್ನು ಈ ಎತ್ತರಕ್ಕೇ ನೋಡಿ. ಅದರಲ್ಲಿರುವ ಅಂಕಿ ಹೊಸ ವಿಮಾನದ್ದು, ನುರಿತ ಪೈಲಟ್‌ನದ್ದು. ಅದರ ಮೇಲೆ ಧಾರಾಳವಾಗಿ ಅಂತರ ಬಿಡಿ. ಸಾಲದಿದ್ದರೆ ಭಾರ ಇಳಿಸಿ, ಇಲ್ಲವೇ ಬೆಳಗಿನ ತಂಪಿಗೆ ಕಾಯಿರಿ. ಬೆಟ್ಟದಲ್ಲಿ ಬೆಳಗಿನ ಹೊತ್ತೇ ಒಳ್ಳೆಯದು. ಮಧ್ಯಾಹ್ನ ಗಾಳಿ ಎದ್ದು ಮೋಡ ಕಟ್ಟುತ್ತದೆ. ಶಿಖರದ ಮಟ್ಟದಲ್ಲಿ 25 ನಾಟ್‌ಗಿಂತ (ಗಂಟೆಗೆ ಸುಮಾರು 46 ಕಿ.ಮೀ.) ಜೋರು ಗಾಳಿ ಇದೆಯೆಂದರೆ ಹೊಸಬರು ಅಂದು ಹೊರಡಲೇಬಾರದು.

ಟೇಕಾಫ್‌ಗೆ ಮುಂಚೆ ಮಿಕ್ಸ್ಚರ್, ಅಂದರೆ ಎಂಜಿನ್‌ಗೆ ಹೋಗುವ ಇಂಧನ-ಗಾಳಿಯ ಪ್ರಮಾಣ, ಸರಿಮಾಡಿ. ಬಯಲಿನ ಅಭ್ಯಾಸದಂತೆ ಅದರ ಕೆಂಪು ಗುಂಡಿಯನ್ನು ಪೂರ್ತಿ ಒಳಗೆ ಒತ್ತಿದರೆ ಇಂಧನ ಜಾಸ್ತಿಯಾಗಿ ಎಂಜಿನ್ ಇನ್ನಷ್ಟು ಸೊರಗುತ್ತದೆ. ಸಾಮಾನ್ಯ (ಅಲಗಿನ ಕೋನ ಬದಲಾಗದ) ಪ್ರೊಪೆಲರ್ ಇರುವ ವಿಮಾನದಲ್ಲಿ ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್ ಕೊಡಿ. ಗುಂಡಿಯನ್ನು ನಿಧಾನಕ್ಕೆ ಹೊರಗೆಳೆಯಿರಿ. ಆರ್‌ಪಿಎಂ ಏರುತ್ತಾ ಹೋಗಿ ಮತ್ತೆ ಬೀಳಲು ಶುರುವಾಗುತ್ತದೆ. ಅತಿ ಮೇಲೆ ಹೋದ ಜಾಗಕ್ಕೆ ವಾಪಸ್ ತಂದು, ಚೂರು ಒಳಗೆ ಬಿಡಿ. ಟರ್ಬೊ ಎಂಜಿನ್‌ಗೆ ಇದು ಅನ್ವಯಿಸದು, ಕೈಪಿಡಿ ಹೇಳಿದ ಹಾಗೇ ಮಾಡಿ.

ರನ್‌ವೇಯ ಅರ್ಧ ಎಲ್ಲಿ ಬರುತ್ತದೆ ಎಂದು ಮೊದಲೇ ಗುರುತಿಟ್ಟುಕೊಳ್ಳಿ. ಅಲ್ಲಿಗೆ ಬರುವಷ್ಟರಲ್ಲಿ ನೆಲ ಬಿಡುವ ವೇಗದ ಶೇ 70ರಷ್ಟು ಸಿಕ್ಕಿರಬೇಕು. 60 ನಾಟ್‌ಗೆ ಏಳುವ ವಿಮಾನವಾದರೆ 42. ಸಿಗಲಿಲ್ಲವೇ? ಥ್ರಾಟಲ್ ಎಳೆದು ನಿಲ್ಲಿಸಿ. ಇನ್ನೊಂದು ಚೂರು ನೋಡೋಣ ಎನ್ನುವ ಆಸೆಯೇ ಇಲ್ಲಿ ಅಪಾಯ.

ಬೆಟ್ಟದ ಸಾಲನ್ನು ನೇರವಾಗಿ ದಾಟಬೇಡಿ, 45 ಡಿಗ್ರಿ ಓರೆಯಾಗಿ ಹೋಗಿ. ಗಾಳಿ ಕೆಳಕ್ಕೆ ತಳ್ಳಿದರೆ ಸ್ವಲ್ಪ ತಿರುಗಿದರೂ ತಪ್ಪಿಸಿಕೊಳ್ಳಬಹುದು. ನೆತ್ತಿಯ ಮೇಲೆ ಕನಿಷ್ಠ 1,000 ಅಡಿ, ಗಾಳಿ ಇದ್ದರೆ 2,000 ಅಡಿ ಅಂತರವಿರಲಿ. ಕಣಿವೆಯ ನಟ್ಟನಡುವೆಯೂ ಹಾರಬೇಡಿ. ಒಂದು ಪಕ್ಕಕ್ಕಿದ್ದರೆ ತಿರುಗಲು ಪೂರ್ತಿ ಅಗಲ ಸಿಗುತ್ತದೆ. ಆ ಅಗಲ ಬೇಕೇ ಬೇಕು. ಸೂಚಿ ತೋರಿಸುವ ವೇಗ ಅಷ್ಟೇ ಇದ್ದರೂ 12,900 ಅಡಿಯ ತೆಳು ಗಾಳಿಯಲ್ಲಿ ನಿಜವಾದ ವೇಗ ಜಾಸ್ತಿ. ಅಷ್ಟೇ ವಾಲಿಸಿ ತಿರುಗಿದರೂ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. ಏರುತ್ತಾ ಹೋಗುವ ಕಣಿವೆಯೊಳಗೆ ಕೆಳಗಿನಿಂದ ನುಗ್ಗಲೇಬೇಡಿ. ನೆಲ ನಿಮಗಿಂತ ಬೇಗ ಏರಿಬಿಡಬಹುದು.

ಆಕ್ಸಿಜನ್ ವಿಷಯದಲ್ಲಿ ಅಮೆರಿಕದ ನಿಯಮ ಹೀಗಿದೆ: ಕ್ಯಾಬಿನ್ 12,500 ಅಡಿ ದಾಟಿ 14,000ದವರೆಗೆ ಇದ್ದರೆ 30 ನಿಮಿಷದ ನಂತರ ಪೈಲಟ್ ಬಳಸಬೇಕು. 14,000 ದಾಟಿದರೆ ಪೂರ್ತಿ ಹೊತ್ತೂ ಬೇಕು. ಹಗಲಲ್ಲಿ 10,000ದಿಂದಲೇ ಹಾಕಿಕೊಳ್ಳುವುದು ವಾಸಿ.

ಇಳಿಯುವಾಗ ಎಂದಿನ ಸೂಚಿತ ವೇಗವನ್ನೇ ಇಟ್ಟುಕೊಳ್ಳಿ. ನೆಲ ಸರಸರ ಹಿಂದೆ ಓಡುವುದು ಕಂಡು ಮೂತಿ ಎತ್ತಬೇಡಿ, ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಮಿಕ್ಸ್ಚರ್ ಆ ಎತ್ತರಕ್ಕೆ ಹೊಂದಿಸಿಯೇ ಇರಲಿ, ಮತ್ತೆ ಮೇಲೇರಬೇಕಾಗಿ ಬರಬಹುದು. ನೇಪಾಳದ ಲುಕ್ಲಾದಂಥ ಕಡೆ ಆ ಅವಕಾಶವೂ ಇಲ್ಲ. ರನ್‌ವೇ ಬರೀ 527 ಮೀಟರ್, ತುದಿಯಲ್ಲೇ ಬೆಟ್ಟ. ಅಂಥ ಜಾಗದಲ್ಲಿ ಇಳಿಯಬೇಕೋ ಬೇಡವೋ ಎಂಬುದನ್ನು ರನ್‌ವೇ ಇನ್ನೂ ದೂರವಿರುವಾಗಲೇ ತೀರ್ಮಾನಿಸಬೇಕು.