ಔಷಧಕ್ಕೆ ಮೊದಲು ಸೂಕ್ಷ್ಮದರ್ಶಕ: ಉಪ್ಪುನೀರಿನ ಮೀನುಗಳ ಪರೋಪಜೀವಿಗಳು ಮತ್ತು ನನ್ನ ಅನುಭವ

ಬೆಂಗಳೂರಿನ ಮನೆಯಲ್ಲಿ ಹವಳ ಮತ್ತು ಸಮುದ್ರದ ಮೀನುಗಳ ಟ್ಯಾಂಕ್ ಇಟ್ಟುಕೊಂಡವರಿಗೆ ಕಾಯಿಲೆ ಬಂದಾಗ ತೋರಿಸಲು ಮೀನಿನ ವೈದ್ಯರು ಸುಲಭವಾಗಿ ಸಿಗುವುದಿಲ್ಲ. ಹಿಡಿದ ಮೀನು ನಮ್ಮ ಕೈಗೆ ಬರುವಷ್ಟರಲ್ಲಿ ಸಂಗ್ರಹಕಾರರು, ಸಗಟು ವ್ಯಾಪಾರಿ, ಅಂಗಡಿ ಎಂದು ಹಲವು ಟ್ಯಾಂಕುಗಳನ್ನು ದಾಟಿರುತ್ತದೆ. ಒಂದೊಂದು ಟ್ಯಾಂಕಿನಲ್ಲೂ ಬೇರೆ ಬೇರೆ ಕಡೆಯ ಮೀನುಗಳ ಜೊತೆ ಒಂದೇ ನೀರಿನಲ್ಲಿ ಇದ್ದುದರಿಂದ ಅದು ಪರೋಪಜೀವಿಯನ್ನು ಹೊತ್ತು ತಂದಿದೆ ಎಂದು ಇಟ್ಟುಕೊಂಡೇ ನಾನು ಕೆಲಸ ಆರಂಭಿಸುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ಮನವರಿಕೆಯಾಗಿರುವುದೇನೆಂದರೆ, ಈ ಹವ್ಯಾಸದಲ್ಲಿ ಮೀನುಗಳು ಔಷಧವಿಲ್ಲದೆ ಸಾಯುವುದಕ್ಕಿಂತ ಹೆಚ್ಚಾಗಿ ಇನ್ಯಾವುದೋ ಪರೋಪಜೀವಿಯ ಔಷಧವನ್ನು ಕುಡಿದು ಸಾಯುತ್ತವೆ. ಕ್ರಿಪ್ಟೋಕ್ಯಾರಿಯಾನ್, ಬ್ರೂಕ್ಲಿನೆಲ್ಲಾ, ಅಮಿಲೂಡಿನಿಯಂ ಎಂಬ ಮೂರು ಸೂಕ್ಷ್ಮ ಪರೋಪಜೀವಿಗಳನ್ನೇ ನೋಡಿ. ಕ್ರಿಪ್ಟೋಕ್ಯಾರಿಯಾನ್‌ಗೆ ಕೆಲಸ ಮಾಡುವ ತಾಮ್ರದ ಔಷಧ ಬ್ರೂಕ್ಲಿನೆಲ್ಲಾದ ಮೇಲೆ ಪರಿಣಾಮ ಬೀರುವುದಿಲ್ಲ. ಕ್ರಿಪ್ಟೋಕ್ಯಾರಿಯಾನ್ ತಾಳಲಾರದ ಕಡಿಮೆ ಉಪ್ಪಿನ ನೀರಿನಲ್ಲಿ ಅಮಿಲೂಡಿನಿಯಂ ಹಾಯಾಗಿ ಬದುಕುತ್ತದೆ. ಹೊರಗಿನಿಂದ ನೋಡಿದರೆ ಇವೆಲ್ಲವೂ ‘ಬಿಳಿ ಚುಕ್ಕೆ’ಯೇ.

ನಾನು ಮೊದಲು ನೋಡುವುದು ಚುಕ್ಕೆಯನ್ನಲ್ಲ, ಉಸಿರನ್ನು. ಹೊಸ ಮೀನು ಕ್ವಾರಂಟೈನ್ ಟ್ಯಾಂಕಿಗೆ ಹೊಂದಿಕೊಂಡು ಶಾಂತವಾಗಿರುವಾಗ ಅದರ ಕಿವಿರಿನ ಮುಚ್ಚಳ ಹದಿನೈದು ಸೆಕೆಂಡಿನಲ್ಲಿ ಎಷ್ಟು ಬಾರಿ ತೆರೆದು ಮುಚ್ಚುತ್ತದೆ ಎಂದು ಎಣಿಸಿ, ನಾಲ್ಕರಿಂದ ಗುಣಿಸಿ, ಬರೆದಿಡುತ್ತೇನೆ. ಈ ಸಂಖ್ಯೆ ಮೀನಿನಿಂದ ಮೀನಿಗೆ ಬದಲಾಗುವುದರಿಂದ ಎಲ್ಲಕ್ಕೂ ಒಂದೇ ಮಿತಿಯನ್ನು ಹೇಳಲಾಗದು. ಆಯಾ ಮೀನಿನ ಹಳೆಯ ಲೆಕ್ಕವೇ ಅದಕ್ಕೆ ಅಳತೆಗೋಲು. ಅಮಿಲೂಡಿನಿಯಂ ಸಾಮಾನ್ಯವಾಗಿ ಮೊದಲು ಕಿವಿರನ್ನು ಹಿಡಿಯುತ್ತದೆ, ಚರ್ಮಕ್ಕೆ ಬರುವುದು ಆಮೇಲೆ. ಹಾಗಾಗಿ ಮೈಮೇಲೆ ಏನೂ ಕಾಣದ ಮೀನೊಂದು ಪಂಪಿನ ಬಾಯಿಗೆ ಮುಖಕೊಟ್ಟು ನಿಂತು, ಬೆಳಕನ್ನು ತಪ್ಪಿಸಿಕೊಂಡು, ತಿನ್ನುವುದನ್ನು ಬಿಟ್ಟಿದ್ದರೆ ನಾನು ಚುಕ್ಕೆಗಾಗಿ ಕಾಯುವುದಿಲ್ಲ. ಟ್ಯಾಂಕಿನ ದೀಪ ಆರಿಸಿ ಬದಿಯಿಂದ ಓರೆಯಾಗಿ ಟಾರ್ಚ್ ಹಾಯಿಸಿದರೆ, ಕಾಯಿಲೆ ಚರ್ಮದವರೆಗೆ ಬಂದಿರುವ ಮೀನಿನಲ್ಲಿ ಹೊಂಬಣ್ಣದ ನುಣ್ಣನೆಯ ಪುಡಿ ಕಾಣುತ್ತದೆ. ಅದನ್ನು ಎಣಿಸಲು ಆಗುವುದಿಲ್ಲ. ಕ್ರಿಪ್ಟೋಕ್ಯಾರಿಯಾನ್‌ನ ಚುಕ್ಕೆಗಳು ಹಾಗಲ್ಲ, ಉಪ್ಪಿನ ಹರಳಿನಷ್ಟು ದಪ್ಪಗೆ ಬಿಡಿಬಿಡಿಯಾಗಿ ಇರುತ್ತವೆ. ರೆಕ್ಕೆಯ ಮೇಲೆ ಇಷ್ಟಿವೆ ಎಂದು ಎಣಿಸಬಹುದು.

ಎಣಿಸಿದ ಚುಕ್ಕೆಗಳು ಒಂದೆರಡು ದಿನಗಳಲ್ಲಿ ಮಾಯವಾಗುವುದೇ ಈ ಕಾಯಿಲೆಯ ದೊಡ್ಡ ಮೋಸ. ಮೀನಿನ ಮೈಯಲ್ಲಿ ಮೂರರಿಂದ ಏಳು ದಿನ ತಿಂದು ಬೆಳೆದ ಜೀವಿ ಹೆಚ್ಚಾಗಿ ಕತ್ತಲೆಯ ಹೊತ್ತಿನಲ್ಲಿ ತಾನಾಗಿಯೇ ಕಳಚಿಕೊಂಡು, ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿ, ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಅದು ಒಡೆದೊಡೆದು ಇನ್ನೂರರಷ್ಟು ಮರಿಗಳಾಗಿ ಹೊರಬರಬಲ್ಲದು. ಹೊರಬಂದ ಮರಿಗಳು ಸುಮಾರು ಒಂದು ದಿನದೊಳಗೆ ಮೀನನ್ನು ಹುಡುಕಿಕೊಳ್ಳದಿದ್ದರೆ ಸಾಯುತ್ತವೆ. ಚುಕ್ಕೆಗಳು ಉದುರಿದ ಆ ಬೆಳಿಗ್ಗೆ ಟ್ಯಾಂಕಿಗೆ ಬೆಳ್ಳುಳ್ಳಿ ರಸ ಹಾಕಿದವರು ಬೆಳ್ಳುಳ್ಳಿಯನ್ನೂ, ಮೀನಿನ ಮೈ ಶುಚಿಮಾಡುವ ಕ್ಲೀನರ್ ಸೀಗಡಿ ತಂದವರು ಸೀಗಡಿಯನ್ನೂ ಹೊಗಳುತ್ತಾರೆ. ಮುಂದಿನ ಅಲೆಯಲ್ಲಿ ಚುಕ್ಕೆಗಳು ಹತ್ತುಪಟ್ಟಾಗಿ ಬಂದಾಗ ನೀರಿನ ಗುಣಮಟ್ಟವನ್ನು ದೂರುತ್ತಾರೆ. ಬದುಕುಳಿದ ಮೀನಿಗೆ ಒಂದಿಷ್ಟು ಕಾಲ ಪ್ರತಿರೋಧ ಶಕ್ತಿ ಬರುವುದು ನಿಜ; ಆದರೆ ಆ ಮೀನು ಕಿವಿರಿನೊಳಗೆ ಒಂದೆರಡು ಜೀವಿಗಳನ್ನು ಹೊತ್ತುಕೊಂಡೇ ಇರಬಹುದು.

ಇಂತಹ ಗೊಂದಲಗಳನ್ನು ಬಿಡಿಸಲು ನನಗೆ ಅತ್ಯಂತ ಹೆಚ್ಚು ನೆರವಾದದ್ದು ಕಾಲೇಜು ಪ್ರಯೋಗಾಲಯಗಳಲ್ಲಿ ಇರುವಂತಹ ಸಾಧಾರಣ ಸೂಕ್ಷ್ಮದರ್ಶಕ. ಪೌಡರ್ ಬ್ಲೂ ಟ್ಯಾಂಗ್ ಎಂಬ ಹಿಂದೂ ಮಹಾಸಾಗರದ ನೀಲಿ ಮೀನು ಈ ಪರೋಪಜೀವಿಗಳಿಗೆ ಬೇಗ ಬಲಿಯಾಗುವುದರಲ್ಲಿ ಹೆಸರುವಾಸಿ. ನಾನು ತಂದ ಅಂತಹ ಮೀನೊಂದು ರೆಕ್ಕೆಯಲ್ಲಿ ಚುಕ್ಕೆ ಇಟ್ಟುಕೊಂಡೇ ಬಂದಿತ್ತು, ಜೊತೆಗೆ ಪೈಪಿಗೆ ಮೈ ಉಜ್ಜುತ್ತಾ ಆಗಾಗ ಆಕಳಿಸುತ್ತಿತ್ತು. ಅದನ್ನು ಒದ್ದೆ ಕೈಯಿಂದ ನೀರಿನ ಮೇಲ್ಮೈಯಲ್ಲೇ ಹಿಡಿದು, ತೆಳು ಗಾಜಿನ ಕವರ್ ಸ್ಲಿಪ್‌ನ ಅಂಚನ್ನು ತಲೆಯ ಹಿಂಭಾಗದಿಂದ ಬಾಲದ ಕಡೆಗೆ ಒಂದೇ ಒಂದು ಸಲ ಹಗುರವಾಗಿ ಎಳೆದು, ಮೀನನ್ನು ಕೂಡಲೇ ನೀರಿಗೆ ಬಿಟ್ಟೆ. ಟ್ಯಾಂಗ್‌ನ ಬಾಲದ ಬುಡದಲ್ಲಿ ಎರಡೂ ಕಡೆ ಚೂರಿಯಂತಹ ಮುಳ್ಳಿರುವುದರಿಂದ ಅದನ್ನು ಹಿಡಿಯುವವರು ಬೆರಳುಗಳನ್ನು ಅತ್ತ ಒಯ್ಯಬಾರದು. ಅಂಟಿಕೊಂಡ ಲೋಳೆಯನ್ನು ಸ್ಲೈಡ್‌ನ ಮೇಲೆ ಅದೇ ಟ್ಯಾಂಕಿನ ಉಪ್ಪುನೀರಿನ ಹನಿಯಲ್ಲಿ ಹರಡಬೇಕು, ಸಿಹಿನೀರು ಬಳಸಿದರೆ ನೋಡಬೇಕಾದ ಜೀವಿ ಒಡೆದುಹೋಗುತ್ತದೆ. ನಲವತ್ತು ಪಟ್ಟು ಹಿಗ್ಗಿಸಿದಾಗ ಲೋಳೆಯ ನಡುವೆ ಬೆಳಕು ಹಾಯದ ಕಪ್ಪನೆಯ ಗುಂಡು ಆಕೃತಿಯೊಂದು ನಿಧಾನವಾಗಿ ತನ್ನ ಸುತ್ತ ತಾನೇ ಉರುಳುತ್ತಿತ್ತು; ನೂರು ಪಟ್ಟಿಗೆ ಬದಲಿಸಿದಾಗ ಅಂಚಿನುದ್ದಕ್ಕೂ ರೋಮಗಳು ಮಿಡಿಯುವುದು ಕಂಡಿತು. ಅದು ಕ್ರಿಪ್ಟೋಕ್ಯಾರಿಯಾನ್. ಅಮಿಲೂಡಿನಿಯಂ ಆಗಿದ್ದರೆ ಪೇರು ಹಣ್ಣಿನ ಆಕಾರದ ಕಂದು ಜೀವಿಗಳು ಅಂಗಾಂಶಕ್ಕೆ ಬೇರೂರಿ, ಅಲುಗಾಡದೆ ಗುಂಪುಗುಂಪಾಗಿ ನಿಂತಿರುತ್ತಿದ್ದವು. ಯೂರೋನೀಮಾ ಎಂಬ ಇನ್ನೊಂದು ಪರೋಪಜೀವಿ ಬಹಳ ಚಿಕ್ಕದು, ಕಣ್ಣು ಹಿಂಬಾಲಿಸಲಾಗದಷ್ಟು ಚುರುಕಾಗಿ ಓಡಾಡುತ್ತದೆ, ಮತ್ತು ಹೆಚ್ಚಾಗಿ ಕ್ರೋಮಿಸ್ ಮೀನುಗಳ ಮೈಯ ಕೆಂಪು ಹುಣ್ಣಿನಿಂದ ತೆಗೆದ ಲೋಳೆಯಲ್ಲಿ ಸಿಗುತ್ತದೆ. ಈ ಮೂರನ್ನೂ ಬೇರ್ಪಡಿಸಲು ಪರಿಣತಿಗಿಂತ ಹೆಚ್ಚಾಗಿ ಬೇಕಾದದ್ದು ಚಲನೆಯನ್ನು ಗಮನಿಸುವ ತಾಳ್ಮೆ. ಅಂದಹಾಗೆ, ಅಮಿಲೂಡಿನಿಯಂ ಜೀವಿಯನ್ನು 1931ರಲ್ಲಿಯೂ ಕ್ರಿಪ್ಟೋಕ್ಯಾರಿಯಾನನ್ನು 1951ರಲ್ಲಿಯೂ ವಿವರಿಸಿ ಹೆಸರಿಟ್ಟವರು ಬ್ರೌನ್ ಎಂಬ ಒಬ್ಬರೇ ಸಂಶೋಧಕರು. ಅಕ್ವೇರಿಯಂ ಸಾಕುವವರ ಎರಡು ಬದ್ಧವೈರಿಗಳೂ ಒಂದೇ ಲೇಖನಿಯಿಂದ ಬಂದಿವೆ.

ಆದರೆ ಆಕಳಿಕೆಗೂ ಮೈ ಉಜ್ಜುವುದಕ್ಕೂ ಚುಕ್ಕೆಯೊಂದೇ ಕಾರಣವಿರಲಾರದೆಂದು ನನಗೆ ಅನುಮಾನವಿತ್ತು. ಆದ್ದರಿಂದ ಅದೇ ಸಂಜೆ ಸಿಹಿನೀರಿನ ಸ್ನಾನ ಮಾಡಿಸಿದೆ. ಆರ್‌ಒ ನೀರನ್ನು ಟ್ಯಾಂಕಿನಷ್ಟೇ ಬಿಸಿ ಮಾಡಿ, ಅಡುಗೆ ಸೋಡಾ ಬೆರೆಸಿ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಅನ್ನು ಟ್ಯಾಂಕಿನ ಮಟ್ಟಕ್ಕೆ ತಂದು, ಏರ್ ಸ್ಟೋನ್‌ನಿಂದ ಅರ್ಧ ಗಂಟೆ ಗಾಳಿ ಹಾಯಿಸಿ, ಕಪ್ಪು ಬಣ್ಣದ ಬಕೆಟ್ಟಿನಲ್ಲಿ ಐದು ನಿಮಿಷ ಇಡುವುದು ನನ್ನ ಪದ್ಧತಿ. ಮೊದಲ ಕೆಲವು ಕ್ಷಣ ಮೀನು ಪಕ್ಕಕ್ಕೆ ವಾಲಿ ಮಲಗುವುದುಂಟು, ಅಷ್ಟಕ್ಕೆ ಹೆದರಿ ತೆಗೆಯಬೇಕಾಗಿಲ್ಲ. ಉಸಿರಾಟ ನಿಧಾನವಾಗುತ್ತಾ ಹೋದರೆ ಮಾತ್ರ ತಕ್ಷಣ ಹೊರತೆಗೆಯಬೇಕು. ಎರಡನೆಯ ನಿಮಿಷದ ಹೊತ್ತಿಗೆ, ಅದುವರೆಗೆ ಮೀನಿನ ಮೈಮೇಲೆ ಪಾರದರ್ಶಕವಾಗಿದ್ದು ಕಣ್ಣಿಗೆ ಬೀಳದಿದ್ದ ಚಪ್ಪಟೆ ಹುಳುಗಳು ಬೆಳ್ಳಗಾಗಿ ಎದ್ದು ಕಾಣತೊಡಗಿದವು, ಮೀನನ್ನು ತೆಗೆದ ಮೇಲೆ ಬಕೆಟ್ಟಿನ ಕಪ್ಪು ತಳದಲ್ಲಿ ಕೆಲವು ಮಿಲಿಮೀಟರ್ ಉದ್ದದ ಬಿಳಿ ಹಾಳೆಗಳಾಗಿ ಬಿದ್ದಿದ್ದವು. ಇವು ನಿಯೋಬೆನಿಡೀನಿಯಾ ಗುಂಪಿನ ಫ್ಲೂಕ್ ಹುಳುಗಳು. ಈ ಸ್ನಾನ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಆದರೆ ಕಿವಿರಿನ ಒಳಗಿನ ಹುಳುಗಳನ್ನೂ ಈಗಾಗಲೇ ನೀರಿಗೆ ಬಿದ್ದ ಮೊಟ್ಟೆಗಳನ್ನೂ ಅದು ಮುಟ್ಟುವುದಿಲ್ಲ.

ಎರಡು ಕಾಯಿಲೆಗಳು ಒಟ್ಟಿಗೆ ಸಿಕ್ಕಾಗ ಔಷಧಗಳನ್ನು ಒಂದರ ಮೇಲೊಂದು ಸುರಿಯುವುದಕ್ಕಿಂತ ಕಾಲದ ಲೆಕ್ಕವನ್ನು ಬಳಸಿಕೊಳ್ಳುವುದು ನನಗೆ ಇಷ್ಟ. ಕ್ರಿಪ್ಟೋಕ್ಯಾರಿಯಾನ್‌ನ ಕೋಶ ಒಡೆಯಲು ಕನಿಷ್ಠ ಮೂರು ದಿನಗಳಾದರೂ ಬೇಕಾಗುವುದರಿಂದ, 72 ಗಂಟೆಗಳು ಮುಗಿಯುವುದರೊಳಗೆ ಮೀನನ್ನು ಪೂರ್ತಿ ಒಣಗಿದ ಇನ್ನೊಂದು ತೊಟ್ಟಿಗೆ ವರ್ಗಾಯಿಸಿದರೆ ಕಳಚಿಬಿದ್ದ ಜೀವಿಗಳೆಲ್ಲ ಹಳೆಯ ತೊಟ್ಟಿಯಲ್ಲೇ ಉಳಿಯುತ್ತವೆ. ಹೀಗೆ ನಾಲ್ಕು ವರ್ಗಾವಣೆಗಳಾದರೆ ಮೀನಿನ ಮೈಮೇಲಿದ್ದ ಕೊನೆಯ ಜೀವಿಯೂ ಹಿಂದೆ ಬಿದ್ದಿರುತ್ತದೆ. ಎರಡು ಪ್ಲಾಸ್ಟಿಕ್ ತೊಟ್ಟಿ, ಎರಡು ಜೊತೆ ಹೀಟರ್ ಮತ್ತು ಏರ್ ಸ್ಟೋನ್, ಅಡಗಲು ಪಿವಿಸಿ ಪೈಪಿನ ತುಂಡು, ಇಷ್ಟೇ ಸಾಮಾನು. ವರ್ಗಾಯಿಸುವಾಗ ಹಳೆಯ ನೀರು ಆದಷ್ಟು ಕಡಿಮೆ ಹೋಗಬೇಕು, ಬಿಟ್ಟ ತೊಟ್ಟಿಯನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಫಿಲ್ಟರ್ ಇಲ್ಲದ ಮೂರು ದಿನಗಳಲ್ಲಿ ಅಮೋನಿಯಾ ಏರುವುದರಿಂದ ಮಿತವಾಗಿ ತಿನ್ನಿಸಿ ದಿನವೂ ಪರೀಕ್ಷಿಸಬೇಕು. 8ಕ್ಕಿಂತ ಮೇಲಿನ ಪಿಎಚ್‌ನಲ್ಲಿ ಅಮೋನಿಯಾ ಹೆಚ್ಚು ವಿಷಕಾರಿ.

ಈ ವರ್ಗಾವಣೆಗಳ ನಡುವೆಯೇ ಫ್ಲೂಕ್‌ಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ ಔಷಧ ಕೊಟ್ಟೆ. ಲೀಟರಿಗೆ 2ರಿಂದ 2.5 ಮಿಲಿಗ್ರಾಂ ಪ್ರಮಾಣದಲ್ಲಿ ಒಂದು ತೊಟ್ಟಿಯಲ್ಲಿ ಒಮ್ಮೆ, ಮೊಟ್ಟೆಗಳು ಒಡೆಯುವಷ್ಟು ಕಾಲ ಬಿಟ್ಟು ಸುಮಾರು ವಾರದ ನಂತರ ಇನ್ನೊಮ್ಮೆ. ಅದು ನೀರಿನಲ್ಲಿ ಸರಿಯಾಗಿ ಕರಗದು. ಸ್ವಲ್ಪ ಮದ್ಯಸಾರದಲ್ಲಿ ಕರಗಿಸಿ ಹಾಕಿದರೆ ನೀರು ಮಬ್ಬಾಗಿ ಆಮ್ಲಜನಕ ಇಳಿಯುವುದರಿಂದ ಗಾಳಿ ಜೋರಾಗಿರಬೇಕು. ನಮ್ಮಲ್ಲಿ ಸುಲಭವಾಗಿ ಸಿಗುವ, ನಾಯಿಗಳ ಜಂತುಹುಳುವಿನ ಮಾತ್ರೆಗಳಲ್ಲಿ ಪ್ರಾಜಿಕ್ವಾಂಟೆಲ್ ಜೊತೆಗೆ ಬೇರೆ ಔಷಧಗಳೂ ಸೇರಿರುತ್ತವೆ, ಅವನ್ನು ಪುಡಿಮಾಡಿ ಟ್ಯಾಂಕಿಗೆ ಹಾಕುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಶುದ್ಧ ಔಷಧ ಸಿಗುವವರೆಗೆ ಸಿಹಿನೀರಿನ ಸ್ನಾನದಿಂದ ಹೊರೆ ಇಳಿಸುತ್ತಿರುವುದು ಮೇಲು.

ಅಮಿಲೂಡಿನಿಯಂ ಆದರೆ ಈ ವರ್ಗಾವಣೆ ಪದ್ಧತಿಯನ್ನು ನಾನು ನೆಚ್ಚುವುದಿಲ್ಲ. ಅದರ ಒಂದು ಕೋಶದಿಂದ 256ರವರೆಗೆ ಮರಿಗಳು ಹೊರಡುತ್ತವೆ, ಇಡೀ ಚಕ್ರ ಬೆಚ್ಚಗಿನ ನೀರಿನಲ್ಲಿ ಒಂದು ವಾರದೊಳಗೆ ತಿರುಗಿಬಿಡುತ್ತದೆ, ಮೀನಿಗೆ ಉಳಿದಿರುವುದು ಎಷ್ಟೋ ಸಲ ಎರಡು ಮೂರು ದಿನ. ಅಂತಹ ಕಡೆ ನಾನು ತಾಮ್ರವನ್ನೇ ಬಳಸುತ್ತೇನೆ, ಏಕೆಂದರೆ ಅದನ್ನು ಅಳೆಯಬಹುದು. ಮಲೇರಿಯಾ ಔಷಧವಾದ ಕ್ಲೋರೋಕ್ವಿನ್ ಫಾಸ್ಫೇಟ್ ಲೀಟರಿಗೆ 10 ಮಿಲಿಗ್ರಾಂ ಪ್ರಮಾಣದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದಾದರೂ, ನೀರಿನಲ್ಲಿ ಎಷ್ಟು ಉಳಿದಿದೆ ಎಂದು ಮನೆಯಲ್ಲಿ ತಿಳಿಯುವ ದಾರಿಯಿಲ್ಲ. ಅದನ್ನು ಮನೆಯಲ್ಲಿ ಇಡುವವರು ಬೀಗ ಹಾಕಿ ಇಡಬೇಕು. 2020ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಕೋವಿಡ್‌ಗೆ ಹೆದರಿ ಅಕ್ವೇರಿಯಂನ ಕ್ಲೋರೋಕ್ವಿನ್ ಸೇವಿಸಿದ ವ್ಯಕ್ತಿಯೊಬ್ಬರು ತೀರಿಹೋದರು.

ತಾಮ್ರದ ವಿಷಯದಲ್ಲಿ ಉಪಾಯಕ್ಕಿಂತ ಶಿಸ್ತು ಮುಖ್ಯ. ಸರಳ ಅಯಾನಿಕ ತಾಮ್ರದ ಪ್ರಮಾಣ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಅದರ ಆಚೆ ವಿಷ, ಈಚೆ ವ್ಯರ್ಥ. ಕೀಲೇಟ್ ಮಾಡಿದ, ಅಂದರೆ ಬೇರೊಂದು ಸಂಯುಕ್ತಕ್ಕೆ ಕಟ್ಟಿಹಾಕಿದ ತಾಮ್ರದಲ್ಲಿ ಸಾಮಾನ್ಯವಾಗಿ 2.0ರಿಂದ 2.5 ಮಿಲಿಗ್ರಾಂ ಇರಬೇಕಾಗುತ್ತದೆ, ಆದರೆ ಶೀಶೆಯ ಮೇಲಿನ ಸೂಚನೆಯೇ ಅಂತಿಮ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಮೀನು ಉಳಿಯದು. ಎರಡು ಮೂರು ದಿನಗಳಲ್ಲಿ ಹಂತಹಂತವಾಗಿ ಏರಿಸಿ, ಡಿಜಿಟಲ್ ಕಲರಿಮೀಟರ್‌ನಲ್ಲಿ ದಿನವೂ ಅಳೆದು, 30 ದಿನ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ, ಮೀನಿನ ಮೈಯಲ್ಲಿರುವುದನ್ನಾಗಲಿ ಕೋಶದೊಳಗಿರುವುದನ್ನಾಗಲಿ ಅಲ್ಲ. ಒಂದು ದಿನ ಪ್ರಮಾಣ ಇಳಿದರೂ ಅಂದು ಹೊರಟ ಮರಿಗಳು ದಾಟಿಕೊಳ್ಳುತ್ತವೆ. ನೀರು ಆವಿಯಾದಂತೆ ಪ್ರಮಾಣ ಏರುತ್ತದೆ, ಆದ್ದರಿಂದ ತೊಟ್ಟಿಯ ಮೇಲೆ ಗೆರೆ ಎಳೆದು ಆ ಗೆರೆಗೆ ಸರಿಯಾಗಿ ಆರ್‌ಒ ನೀರು ಸೇರಿಸಬೇಕು. ನೀರು ಬದಲಿಸುವಾಗ ಹೊಸ ನೀರಿಗೂ ಅಷ್ಟೇ ತಾಮ್ರ ಬೆರೆಸಿರಬೇಕು. ಕಲ್ಲು, ಹವಳದ ಚೂರು, ಮರಳು ತಾಮ್ರವನ್ನು ಹೀರುತ್ತವೆ, ಫಿಲ್ಟರಿನ ಇಂಗಾಲ ಅದನ್ನು ತೆಗೆದುಹಾಕುತ್ತದೆ, ಅದಕ್ಕೇ ಆ ಟ್ಯಾಂಕಿನಲ್ಲಿ ಗಾಜು ಮತ್ತು ಪೈಪು ಬಿಟ್ಟರೆ ಏನೂ ಇರಬಾರದು. ಅಮೋನಿಯಾ ತಗ್ಗಿಸುವ ದ್ರಾವಣಗಳನ್ನು ತಾಮ್ರದ ಜೊತೆ ಹಾಕುವುದು ಅಪಾಯ. ಅವು ತಾಮ್ರದ ವಿಷವನ್ನು ಹೆಚ್ಚಿಸಬಲ್ಲವು. ಸ್ಪಾಂಜ್ ಫಿಲ್ಟರ್ ಅನ್ನು ಬೇರೆ ಬಕೆಟ್ಟಿನಲ್ಲಿ ಅಮೋನಿಯಾ ತಿನ್ನುವ ಬಾಟಲಿ ಬ್ಯಾಕ್ಟೀರಿಯಾದಿಂದ ಮೊದಲೇ ಪಳಗಿಸಿ ಇಟ್ಟುಕೊಂಡರೆ ಆ ದ್ರಾವಣಗಳ ಅಗತ್ಯವೇ ಬೀಳದು.

ಕ್ಲೌನ್ ಮೀನಿನ ಮೈಯಿಂದ ಲೋಳೆ ಹಾಳೆಹಾಳೆಯಾಗಿ ಕಳಚುತ್ತಿದ್ದರೆ ತಾಮ್ರದ ಶೀಶೆಯನ್ನು ಮುಟ್ಟದೆ ಸ್ಲೈಡ್ ನೋಡಬೇಕು. ಹೃದಯದ ಆಕಾರದ ಜೀವಿಗಳು ಜಾರುತ್ತಾ ಸಾಗುವುದು ಕಂಡರೆ ಅದು ಬ್ರೂಕ್ಲಿನೆಲ್ಲಾ. 1970ರಲ್ಲಿ ಲೋಮ್ ಮತ್ತು ನಿಗ್ರೆಲ್ಲಿ ವಿವರಿಸಿದ ಈ ಜೀವಿಗೆ ಕೋಶ ಕಟ್ಟುವ ಹಂತವಿಲ್ಲ, ಮೀನಿನ ಮೈಮೇಲೆಯೇ ಇಬ್ಭಾಗವಾಗಿ ಹೆಚ್ಚುತ್ತದೆ, ಅದಕ್ಕೇ ಒಂದೆರಡು ದಿನಗಳಲ್ಲಿ ಮುಗಿಸಿಬಿಡುತ್ತದೆ. 37 ಶೇಕಡಾ ಫಾರ್ಮಾಲ್ಡಿಹೈಡ್ ಇರುವ ಫಾರ್ಮಲಿನ್ ದ್ರಾವಣವನ್ನು ಲೀಟರ್ ಉಪ್ಪುನೀರಿಗೆ 0.15 ಮಿಲಿಲೀಟರ್ ಬೆರೆಸಿ, ಜೋರಾಗಿ ಗಾಳಿ ಕೊಟ್ಟು, ಮುಕ್ಕಾಲು ಗಂಟೆ ಪಕ್ಕದಲ್ಲೇ ನಿಂತು ಸ್ನಾನ ಮಾಡಿಸಿ, ಬಳಿಕ ಬೇರೆ ಶುದ್ಧ ತೊಟ್ಟಿಗೆ ಬಿಡುತ್ತೇನೆ. ತಳದಲ್ಲಿ ಬಿಳಿ ಪುಡಿ ಕುಳಿತ ಹಳೆಯ ಫಾರ್ಮಲಿನ್ ಮೀನಿಗೆ ವಿಷ, ಅದರ ಹೊಗೆ ಎಲ್ಲ ಫಾರ್ಮಲಿನ್‌ನಲ್ಲೂ ನಮಗೆ ವಿಷ. ಕೈಗವಸು ಹಾಕಿಕೊಂಡು ಬಾಲ್ಕನಿಯಲ್ಲಿ ಮಾತ್ರ ಈ ಕೆಲಸ.

ಮುಖ್ಯ ಟ್ಯಾಂಕಿಗೆ ಕಾಯಿಲೆ ಹೊಕ್ಕಿದ್ದರೆ ಹವಳಗಳಿರುವ ಆ ನೀರಿಗೆ ಯಾವ ಔಷಧವೂ ಹೋಗಕೂಡದು; ಮೀನುಗಳನ್ನೆಲ್ಲ ಹೊರತೆಗೆದು ಟ್ಯಾಂಕನ್ನು ಖಾಲಿ ಬಿಡುವುದೊಂದೇ ದಾರಿ. ಕ್ರಿಪ್ಟೋಕ್ಯಾರಿಯಾನ್‌ನ ಕೋಶ 72 ದಿನಗಳ ನಂತರ ಒಡೆದ ದಾಖಲೆಯಿರುವುದರಿಂದ 76 ದಿನ ಕಾಯುವುದು ರೂಢಿ, ನಾನೂ ಅದಕ್ಕಿಂತ ಕಡಿಮೆ ಮಾಡುವುದಿಲ್ಲ. ಆ ಅವಧಿಯಲ್ಲಿ ಹೊಸ ಹವಳದ ತುಂಡು, ಬಸವನ ಹುಳು, ಪಾಚಿ ಏನನ್ನೇ ಸೇರಿಸಿದರೂ ಎಣಿಕೆ ಮತ್ತೆ ಒಂದರಿಂದ ಶುರು, ಏಕೆಂದರೆ ಕೋಶ ಚಿಪ್ಪಿನ ಮೇಲೂ ಅಂಟಿರಬಹುದು. ಏರ್ ಸ್ಟೋನ್ ಚಿಮ್ಮಿಸುವ ಸೂಕ್ಷ್ಮ ಹನಿಗಳಲ್ಲಿ ಅಮಿಲೂಡಿನಿಯಂ ಸಾಗಬಲ್ಲದಾದ್ದರಿಂದ ಎರಡು ಟ್ಯಾಂಕುಗಳ ನಡುವೆ ಕನಿಷ್ಠ ಹತ್ತು ಅಡಿ ಅಂತರ ಇಡುತ್ತೇನೆ. ನನ್ನ ಕ್ವಾರಂಟೈನ್ ಟ್ಯಾಂಕ್ ಬೇರೆ ಕೋಣೆಯಲ್ಲೇ ಇದೆ. ತಾಮ್ರ ಮುಟ್ಟಿದ ಬಲೆ, ಮಗ್, ಹೀಟರ್, ಕೊಳವೆ ಎಲ್ಲಕ್ಕೂ ಕೆಂಪು ಟೇಪ್ ಸುತ್ತಿದ್ದೇನೆ, ಅವು ಹವಳದ ಟ್ಯಾಂಕಿನ ಕಡೆ ಬರುವಂತಿಲ್ಲ.